ನೀರಿನ ನಡುವಿನ ಚುಕ್ಕೆ

ಚುಕ್ಕೆ ಒಣಗಿತ್ತು. ಬೆಳಿಗ್ಗೆ ಕೀಟಸಂಸ್ಥೆಗೆ ಬಂದ ಝಿಪಾರ್ ಕೋಟಿನ ಗುಂಡಿ ಕೂಡ ಬಿಚ್ಚದೆ ಮೊದಲು ನೋಡಿದ್ದು ಅದನ್ನೇ. ನಿನ್ನೆ ಸಂಜೆ ತಾನೇ ಇಟ್ಟಿದ್ದ ಚುಕ್ಕೆ. ಸಾಸಿವೆಗಿಂತ ಚಿಕ್ಕದು. ನಕ್ಷೆಯ ತೆಳುಹಾಳೆಯಲ್ಲಿ, ಅಣೆಕಟ್ಟಿನ ಹಿಂದಿನ ನೀರು ಎಂದು ಅಡ್ಡಗೆರೆ ಎಳೆದ ಜಾಗದ ಸರಿಯಾಗಿ ನಡುವೆ ಕೂತಿತ್ತು. ಆ ಅಡ್ಡಗೆರೆಗಳನ್ನು ಎಳೆದವಳೂ ಅವಳೇ. ಮೊದಲು ನೀರು ಎಳೆದು, ಆಮೇಲೆ ನೀರಿನಲ್ಲಿ ಊರನ್ನು ಇಟ್ಟಿದ್ದಳು. ನಿಜದಲ್ಲಿ ನಡೆದದ್ದಕ್ಕೆ ತಿರುಗುಮುರುಗು. ಹಾಳೆಯ ಮೇಲೆ ಇಪ್ಪತ್ತಮೂರು ಬಗೆಯ ಗುರುತುಗಳಿದ್ದವು, ಕೀಟದ ಒಂದೊಂದು ಪ್ರಭೇದಕ್ಕೆ ಒಂದೊಂದು: ತ್ರಿಕೋನ, ಚೌಕ, ಖಾಲಿ ಸೊನ್ನೆ, ಅರ್ಧ ತುಂಬಿದ ಸೊನ್ನೆ. ಕೆಲವು ಬೆಟ್ಟದ ಸಾಲಿನುದ್ದಕ್ಕೂ ಕುರಿಮಂದೆಯಂತೆ ಚೆಲ್ಲಿದ್ದವು. ಈ ಒಂದು ಮಾತ್ರ ಒಂಟಿ. ಮಧ್ಯಾಹ್ನ ನಾಲ್ಕಕ್ಕೆ ಈ ಹಾಳೆಯನ್ನು ಸುರುಳಿ ಸುತ್ತಿ, ಸಂಸ್ಥೆಯ ವಿಜ್ಞಾನಿ ಒಮುರಾಲಿ ಅಗಾಯ್, ಎಂದರೆ ಒಮುರಾಲಿ ಮೇಷ್ಟ್ರು, ಬರೆದ ಎಂಬತ್ತು ಪುಟದ ಜೊತೆ ಅಂಚೆಯಲ್ಲಿ ಲೆನಿನ್‌ಗ್ರಾದಿಗೆ ಕಳಿಸಬೇಕು. ಅಲ್ಲಿಗೆ ಹೋದ ಮೇಲೆ ಅದು ಅಚ್ಚಾಗುತ್ತದೆ. ಅಚ್ಚಾದ ಮೇಲೆ ಅದು ನಿಜ.

"ಏನೇ ಹುಡುಗಿ, ಒಂದು ಚುಕ್ಕೇನ ಇಷ್ಟೊತ್ತು ನೋಡ್ತೀಯಲ್ಲ," ಎಂದಳು ಪಕ್ಕದ ಮೇಜಿನ ನೈಲ್ಯಾ ಎಜೆ, ಇಡೀ ಕಚೇರಿಗೇ ಅಕ್ಕ, ಟೈಪ್ ಯಂತ್ರದ ಮುಸುಕು ತೆಗೆಯುತ್ತ. "ಕನ್ನಡಿ ಮುಂದೆ ಇಷ್ಟು ಹೊತ್ತು ನಿಂತಿದ್ರೆ ಇಷ್ಟರಲ್ಲಿ ಮದ್ವೆಯಾಗಿ ಎರಡು ಮಕ್ಕಳಿರೋವು."

"ಒಣಗಿದೆಯಾ ಅಂತ ನೋಡಿದೆ ಎಜೆ."

"ಒಣಗಿರುತ್ತೆ. ನಿನ್ನ ಹಾಗೇ."

ಝಿಪಾರ್ ನಕ್ಕಳು. ನೈಲ್ಯಾ ಎಜೆಯ ಮಾತಿಗೆ ನಗದಿದ್ದರೆ ಅದನ್ನೇ ಹಿಡಿದು ಮಧ್ಯಾಹ್ನದವರೆಗೂ ಎಳೆಯುತ್ತಾಳೆ. ಕೋಟನ್ನು ಮೊಳೆಗೆ ಸಿಕ್ಕಿಸಿ ಬಂದು ಕೂತಳು. ನುಸಿಗುಳಿಗೆಯ ವಾಸನೆ, ಕಿಟಕಿಯಾಚೆ ಫ್ರುಂಜೆ ನಗರದ ಮಾರ್ಚ್ ತಿಂಗಳ ಕೊಳಕು ಹಿಮ, ಮೇಜಿನ ಮೇಲೆ ಭೂತಗನ್ನಡಿ, ಸೂಜಿಗಳ ಡಬ್ಬಿ, ಮುಮ್ಮೂಲೆಯಾಗಿ ಕತ್ತರಿಸಿದ ಪುಟ್ಟ ರಟ್ಟಿನ ಚೂರುಗಳು. ಒಂದೊಂದು ಚೂರಿನ ತುದಿಗೆ ಒಂದು ಹನಿ ಅಂಟು, ಅಂಟಿನ ಮೇಲೆ ಒಂದು ಕಡಜ. ಕಡಜ ಎಂದರೆ ಜನ ಹಳದಿಯ, ಕಚ್ಚುವ ಕಡಜವನ್ನೇ ನೆನೆಯುತ್ತಾರೆ. ಇವು ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲ. ಹಸಿರು, ತಾಮ್ರ, ನೀಲಿ ಹೊಳಪು. ಮೈಯಷ್ಟೇ ಉದ್ದದ ಬಾಲದ ಸೂಜಿ. ಕಾಡುಗುಲಾಬಿಯ ಟೊಂಗೆಯಲ್ಲಿ ಬೇರೊಂದು ಹುಳ ಕಟ್ಟಿಕೊಂಡ ಗಂಟಿಗೆ ಆ ಸೂಜಿ ತೂರಿಸಿ ಮೊಟ್ಟೆ ಇಡುತ್ತವೆ. ಮರಿ ಹುಟ್ಟಿ, ಮನೆ ಕಟ್ಟಿದ ಹುಳವನ್ನೇ ಒಳಗಿಂದ ತಿಂದು, ಚಳಿಗಾಲವನ್ನು ಅದೇ ಮನೆಯಲ್ಲಿ ಕಳೆದು, ವಸಂತದಲ್ಲಿ ಗೋಡೆ ಕೊರೆದು ಹಾರಿಹೋಗುತ್ತದೆ. ಟೋರಿಮಸ್ ಎಂಬುದು ಇವುಗಳ ಕುಲದ ಹೆಸರು. ಕೆಲಸಕ್ಕೆ ಸೇರಿದ ಮೊದಲ ದಿನ, ಆರು ವರ್ಷದ ಹಿಂದೆ, ಅಗಾಯ್ ಕಿರ್ಗಿಜರ ಕುಲಗಳ ಲೆಕ್ಕದಲ್ಲೇ ಅವಳಿಗೆ ಇದನ್ನು ಹೇಳಿಕೊಟ್ಟಿದ್ದರು. "ಚೀಟಿ ಇಲ್ಲದ ಕಡಜ ಅಂದ್ರೆ ತನ್ನ ಏಳು ತಲೆಮಾರಿನ ಹೆಸರು ಹೇಳೋಕೆ ಬಾರದ ಮನುಷ್ಯ. ಎಲ್ಲಿ ಸಿಕ್ತು, ಯಾವತ್ತು ಸಿಕ್ತು, ಯಾರು ಹಿಡಿದ್ರು. ಇಷ್ಟು ಇಲ್ದಿದ್ರೆ ಅದು ಬರೀ ಸತ್ತ ನೊಣ. ಇನ್ನೊಂದು ಮಾತು. ತಪ್ಪು ಚೀಟೀನೂ ಕೀಳಬಾರದು. ಸರಿಯಾದ್ದನ್ನ ಅದರ ಕೆಳಗೆ ಚುಚ್ಚು. ತಪ್ಪು ಮಾಡಿದ ಅಜ್ಜನ್ನ ವಂಶದಿಂದ ಕಿತ್ತು ಬಿಸಾಡೋಕಾಗುತ್ತಾ?"

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಅವರು ಇಟ್ಟುಕೊಂಡದ್ದು ಅವಳ ಕೈಬರಹಕ್ಕಾಗಿ. ಉಗುರಿನಷ್ಟು ಕಾಗದದಲ್ಲಿ ನಾಲ್ಕು ಸಾಲು ಬರೆಯಬಲ್ಲಳು. ಅವಳ ಅಕ್ಷರ ನೋಡಿದವರು ಅಚ್ಚು ಎಂದುಕೊಳ್ಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು. ಸಂತೋಷಕ್ಕೆ ಎಂದು ಜನ ತಿಳಿಯುತ್ತಿದ್ದರು. ಕಳೆದ ವರ್ಷದ ಚಳಿಗಾಲದಿಂದ ಈಚೆಗೆ ಅದು ಸಂತೋಷಕ್ಕಲ್ಲ. ಆ ಚಳಿಗಾಲದಲ್ಲಿ ಅಗಾಯ್ ಹಳೆಯ ಬೀರು ತೆಗೆಸಿ, ಹನ್ನೆರಡು ವರ್ಷದ ಹಿಂದಿನ ತಿರುಗಾಟದಲ್ಲಿ ತಂದ ಗುಲಾಬಿಗಂಟಿನ ಕಾಗದದ ಚೀಲಗಳನ್ನು ಅವಳ ಮುಂದೆ ಹಾಕಿದ್ದರು. ಹೊರಗೆ ಬರಲಾರದೆ ಗಂಟಿನೊಳಗೇ ಒಣಗಿದ ಕಡಜಗಳನ್ನು ಬಿಡಿಸಿ ತೆಗೆಯಬೇಕಿತ್ತು. ಕೆಲವು ಚೀಲ ಇಲಿ ಕಡಿದು ಪುಡಿಯಾಗಿದ್ದವು. ಉಳಿದ ಮೂವತ್ತರ ಮೇಲೂ ನೇರಳೆ ಬಣ್ಣದ ಕೆಮಿಕಲ್ ಪೆನ್ಸಿಲಿನಲ್ಲಿ ಊರಿನ ಹೆಸರು, ಇಸವಿ. ನೀರು ತಾಗಿದರೆ ಹರಡಿಬಿಡುವ ಬರಹ. ಮೇಜಿನ ಮೇಲೆ ಚಹಾ ಕುಡಿಯಬಾರದೆಂಬ ನಿಯಮ ಅದಕ್ಕೇ ಇತ್ತು. ಅವಳು ಕುಡಿದಳು. ಬಟ್ಟಲು ವಾಲಿತು. ಒಂದು ಚೀಲದ ಮೇಲಿನ ಹೆಸರು ಅವಳ ಕಣ್ಣೆದುರೇ ನೇರಳೆ ಮೋಡವಾಗಿ ಅರಳಿ ಹೋಯಿತು. ಎರಡು ಕ್ಷಣವೂ ಆಗಲಿಲ್ಲ. ಓದುವಷ್ಟು ಉಳಿದದ್ದು ಇಸವಿ ಮಾತ್ರ. ಅವಳು ತೋಳಿನಿಂದ ಒರೆಸಿದಳು. ಅದರಿಂದ ಇನ್ನೂ ಕೆಟ್ಟಿತು. ನೈಲ್ಯಾ ಎಜೆ ಆಗ ರಜೆಯಲ್ಲಿದ್ದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದಿರುವುದು ಇಷ್ಟು ಕೆಟ್ಟದ್ದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಚೀಲದಿಂದ ಹನ್ನೊಂದು ಕಡಜ ಸಿಕ್ಕವು. ಹಸಿರು ಮೈ, ಹೊಟ್ಟೆ ಮಾತ್ರ ಆರುತ್ತಿರುವ ಕೆಂಡದ ಬಣ್ಣ. ಅವನ್ನು ರಟ್ಟಿಗೆ ಅಂಟಿಸಿ, ಸೂಜಿಗೆ ಏರಿಸಿ, ಚೀಟಿ ಬರೆಯುವ ಹೊತ್ತಿಗೆ ಅವಳ ಕೈ ತಾನಾಗಿಯೇ ಚೋಲೊಕ್-ತೆರೆಕ್ ಎಂದು ಬರೆಯಿತು. ಕೈ ತಾನಾಗಿ ಬರೆಯಿತು ಎಂಬುದು ಮೊದಲ ಕೆಲವು ವಾರ ಅವಳು ತನಗೆ ಹೇಳಿಕೊಂಡ ಮಾತು. ಅದು ಅವಳ ಊರು. ಮೂವತ್ತೆಂಟು ಮನೆ, ತುದಿ ಮುರಿದ ಒಂದು ಪಾಪ್ಲರ್ ಮರ, ಮನೆಯ ಹಿಂದಿನ ಇಳಿಜಾರಿನಲ್ಲಿ ಕಾಡುಗುಲಾಬಿ. ಈಗ ಅದರ ಮೇಲೆ ನೀರು. ನೀರು ಬಂದಾಗ ಅವಳಿಗೆ ಹದಿನಾಲ್ಕು. ಬಂದದ್ದು ಪ್ರವಾಹದಂತಲ್ಲ, ದಿನಕ್ಕೆ ಒಂದು ಮೊಳ, ನಾಚಿಕೆಯ ನೆಂಟನಂತೆ, ಬಾಗಿಲಲ್ಲಿ ನಿಂತು ನಿಂತು. ಮನೆಗಳನ್ನು ಬಿಚ್ಚಿ ತೊಲೆ, ಕಿಟಕಿ ಹೊತ್ತುಕೊಂಡು ಜನ ಹೋಗಿಯಾಗಿತ್ತು. ಅವಳ ಅಪ್ಪನನ್ನು ಹೂತು ಆಗ ಎರಡು ವರ್ಷ. ಗೋರಿಗಳನ್ನು ಬಿಚ್ಚಿ ಒಯ್ಯುವುದು ಆಗಲಿಲ್ಲ. ನಕ್ಷೆ, ಅಂಚೆಯ ಪಟ್ಟಿ, ಬಸ್ಸಿನ ಹಲಗೆ ಎಲ್ಲ ಕಡೆಯಿಂದ ಆ ಹೆಸರು ತೆಗೆದರು; ಇಲ್ಲದ ಊರಿಗೆ ಹೆಸರು ಯಾಕೆ. ಅವಳ ಗುರುತಿನ ಪುಸ್ತಕದಲ್ಲಿ ಕೂಡ ಹುಟ್ಟಿದ ಸ್ಥಳ ಎಂಬಲ್ಲಿ ಜಿಲ್ಲೆಯ ಹೆಸರು ಮಾತ್ರ ಇದೆ. ಹಾಗಾಗಿ ಚೋಲೊಕ್-ತೆರೆಕ್ ಎಂದು ಒಬ್ಬರಾದರೂ ಶಾಯಿಯಲ್ಲಿ ಬರೆದು ಎಷ್ಟೋ ವರ್ಷವಾಗಿತ್ತು. ಬರೆದು ನೋಡಿದಳು. ಚೆನ್ನಾಗಿ ಕಂಡಿತು. ಹನ್ನೊಂದು ಸಲ ಬರೆದಳು.

ನಿಜ ಇರಲೂಬಹುದಿತ್ತು, ಅದೇ ಅವಳನ್ನು ಕೊರೆಯುತ್ತಿದ್ದದ್ದು. ಅಗಾಯ್ ಅಲ್ಲಿಗೆ ಬಂದಿದ್ದರು. ಅವಳಿಗೆ ಹನ್ನೊಂದು ವರ್ಷ, ಬೇಸಗೆಯ ಕೊನೆ. ಬೂದುಬಣ್ಣದ ಲಾರಿ, ಬಿಳಿ ಬಲೆ, ತಲೆಗೆ ಕರವಸ್ತ್ರ ಗಂಟು ಹಾಕಿಕೊಂಡ ಉದ್ದನೆಯ ಮನುಷ್ಯ. "ನೊಣ ಹಿಡಿಯೋಕೆ ಸರ್ಕಾರ ಸಂಬಳ ಕೊಡುತ್ತಂತೆ ಇವರಿಗೆ. ನಮ್ಮತ್ತೆ ಎಪ್ಪತ್ತು ವರ್ಷದಿಂದ ಪುಕ್ಕಟೆ ಹಿಡೀತಿದಾಳೆ," ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕಿದ್ದರು. ಅಪ್ಪ ಅವರನ್ನು ಮನೆಯಂಗಳದಲ್ಲಿ ಕೂರಿಸಿ ಹುಳಿ ಮಜ್ಜಿಗೆ ಕೊಟ್ಟ. ಹತ್ತು ಗುಲಾಬಿಗಂಟು ತಂದ ಮಕ್ಕಳಿಗೆ ಒಂದು ಮಿಠಾಯಿ ಎಂದು ಸಾರಿಯಾಯಿತು. ಮಕ್ಕಳೆಲ್ಲ ಇಳಿಜಾರಿಗೆ ಓಡಿದವು. ಪಾಚಿ ಹತ್ತಿದ ಅಕ್ರೋಟಿನಂಥ, ಕೆಂಪು ಕೂದಲಿನ ಗಂಟುಗಳು. ಎಷ್ಟು ಹುಡುಕಿದರೂ ಅವಳಿಗೆ ಆರು ಸಿಕ್ಕವು. ಅಪ್ಪನ ಚಾಕು ತೆಗೆದು ನಾಲ್ಕನ್ನು ಸೀಳಿ ಎಂಟು ಮಾಡಿದಳು. ಎಂಟಕ್ಕೆ ಎರಡು ಸೇರಿಸಿದರೆ ಹತ್ತು. ಆ ಮನುಷ್ಯ ಒಂದೊಂದನ್ನೇ ಎತ್ತಿ ಎಣಿಸಿದ. ಸೀಳಿದ ಮುಖ ತಿರುಗಿಸಿ ನೋಡಿದ. "ಇದರ ಜೋಡಿ ಎಲ್ಲಿದೆ?" ಎಂದ. ಇನ್ನೊಂದು ಹೋಳನ್ನು ತಾನೇ ಹುಡುಕಿ ಅದಕ್ಕೆ ಸರಿಯಾಗಿ ಕೂರಿಸಿ ಎಲ್ಲರಿಗೂ ತೋರಿಸಿದ. ಅಂಗಳವೆಲ್ಲ ನಕ್ಕಿತು. ಅಪ್ಪ ಕೂಡ ನಕ್ಕ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ. ಅಪ್ಪ ಬಾಯಿ ಒರೆಸಿಕೊಳ್ಳುತ್ತ ನಕ್ಕದ್ದು, ಗಡ್ಡದಲ್ಲಿ ಮಜ್ಜಿಗೆಯ ಒಂದು ಹನಿ. ಅವಳು ಓಡಿ ಕೊಟ್ಟಿಗೆ ಸೇರಿದಳು. ಅವರು ಹೊಸ್ತಿಲ ಮೇಲೆ ಇಟ್ಟುಹೋದ ಮಿಠಾಯಿಯನ್ನು ನಾಯಿ ಕಾಗದದ ಸಮೇತ ತಿಂದಿತು. ಆರು ವರ್ಷದಿಂದ ಅವರ ಎದುರು ದಿನವೂ ಕೂತರೂ, ಆ ಹುಡುಗಿ ನಾನೇ ಎಂದು ಅವಳು ಹೇಳಿಲ್ಲ. ಹೇಳಬೇಕಾದ ದಿನವೆಲ್ಲ ಹಿಂದೆ ಕಳೆದುಹೋಗಿ, ಈಗ ಹೇಳಿದರೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು.

ಬಾಗಿಲು ಜೋರಾಗಿ ತೆರೆಯಿತು. ಒಮುರಾಲಿ ಅಗಾಯ್ ಮೇಲಿನ ಮಹಡಿಯಿಂದ ಇಳಿದು ಬಂದಿದ್ದರು. ಕನ್ನಡಕ ಹಣೆಯ ಮೇಲಿತ್ತು, ಕೈಯಲ್ಲಿ ಮುದುರಿದ ಒಂದು ಪುಟ.

"ಏನಂದ್ರು ನಿರ್ದೇಶಕರು?" ಎಂದಳು ನೈಲ್ಯಾ ಎಜೆ.

"ಕೊನೇ ವಾಕ್ಯ ತೆಗೀಬೇಕಂತೆ."

"ತೆಗೆದುಬಿಡಿ. ಒಂದು ವಾಕ್ಯ ತಾನೆ. ನಿವೃತ್ತಿಗೆ ಎರಡು ವರ್ಷ ಇದೆ ನಿಮಗೆ."

"ತೆಗೆಯಲ್ಲ." ಅವರು ಪುಟವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸಪಾಟು ಮಾಡಿದರು. "ಓದು ನೈಲ್ಯಾ, ಸರಿಯಾಗಿ ಟೈಪ್ ಆಗಿದೆಯಾ ನೋಡೋಣ."

ನೈಲ್ಯಾ ಎಜೆ ಸಂತೆಯ ಪಟ್ಟಿ ಓದುವ ದನಿಯಲ್ಲಿ ಓದಿದಳು. "ಈ ಪ್ರಭೇದ ದೊರೆತ ಏಕೈಕ ಸ್ಥಳವಾದ ಚೋಲೊಕ್-ತೆರೆಕ್ ಈಗ ಜಲಾಶಯದ ಅಡಿಯಲ್ಲಿದೆ. ಬೇರೆಲ್ಲೂ ಇದು ಕಂಡುಬಂದಿಲ್ಲ. ಆದ್ದರಿಂದ ಇದು ಜಗತ್ತಿನಿಂದ ಇಲ್ಲವಾಗಿದೆ ಎಂದೇ ತಿಳಿಯಬೇಕು." ಪುಟ ಕೆಳಗಿಟ್ಟು, "ಅಯ್ಯೋ ಪಾಪ," ಎಂದು ಸೇರಿಸಿದಳು. "ಇದರಲ್ಲಿ ಅವರಿಗೆ ಚುಚ್ಚೋದೇನಿದೆ?"

"ಅಣೆಕಟ್ಟಿಂದ ಒಂದು ಜೀವ ಹೋಯ್ತು ಅಂದ ಹಾಗಾಗುತ್ತಂತೆ. ಹೌದು, ಹಾಗೇ ಅಂದಿದ್ದೀನಿ. ಸಹಿ ನಂದು ಅಂದೆ. ಅವರು ಕೂಗಾಡಿದ್ರು, ನಾನೂ ಕೂಗಾಡ್ದೆ." ಅಗಾಯ್ ಝಿಪಾರಳ ಕಡೆ ತಿರುಗಿದರು. ಕೂಗಾಡಿ ಬಂದ ಮುಖದಲ್ಲಿ ಹುಡುಗತನದ ಹುರುಪಿತ್ತು. "ಚೀಟಿ ಇದೆ ನನ್ನ ಹತ್ರ ಅಂದೆ. ಚೀಟಿ ಸುಳ್ಳು ಹೇಳಲ್ಲ ಅಂದೆ."

ಅವಳು ಸೂಜಿ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. ಅಗಾಯ್ ಬರೆದ ಪುಸ್ತಕದಲ್ಲಿ ಕಡಜವನ್ನು ಗುರುತಿಸುವ ದಾರಿ ಹೀಗಿರುತ್ತದೆ: ಬಾಲದ ಸೂಜಿ ಮೈಗಿಂತ ಉದ್ದವಾಗಿದ್ದರೆ ಎರಡನೆಯ ಸಾಲಿಗೆ ಹೋಗಿ, ಗಿಡ್ಡವಾಗಿದ್ದರೆ ಒಂಬತ್ತನೆಯ ಸಾಲಿಗೆ. ಎಲ್ಲ ಕಡೆಯೂ ಎರಡೇ ದಾರಿ. ಒಮ್ಮೆ ತಪ್ಪು ಸಾಲಿಗೆ ಹೋದರೆ ಮುಂದೆ ಸಿಗುವ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತ ಕೊನೆಗೆ ತಪ್ಪು ಹೆಸರಿಗೆ ಬಂದು ನಿಲ್ಲುತ್ತೇವೆ. ಆ ಚಳಿಗಾಲ ಅವಳು ತಪ್ಪು ಸಾಲಿಗೆ ಹೋದಳು. ಆಮೇಲೆ ಎಲ್ಲವೂ ಸರಿಯಾಗಿಯೇ ನಡೆಯಿತು. ಶರತ್ಕಾಲದಲ್ಲಿ ಅಗಾಯ್ ಆ ಹನ್ನೊಂದನ್ನು ನೋಡಿ ಇದು ಹೊಸದು ಎಂದರು, ಊರಿನ ಹೆಸರನ್ನೇ ಅದಕ್ಕೆ ಲ್ಯಾಟಿನಿನಲ್ಲಿ ಇಡುತ್ತೇನೆ ಎಂದರು. ಆ ಸಂಜೆ ಅವಳು ಮನೆಗೆ ಓಡುತ್ತಲೇ ಹೋಗಿ ಅಮ್ಮನಿಗೆ, ತನ್ನ ಆಪಾಗೆ, ಹೇಳಿದಳು. ಆಪಾ ಸೌಟು ಹಿಡಿದುಕೊಂಡೇ ಅತ್ತಳು. ಮಾರನೆಯ ದಿನ ನಗರದಲ್ಲಿದ್ದ ಊರಿನ ಏಳು ಮನೆಗೂ ಹೋಗಿ, ನಮ್ಮೂರ ನೊಣ ಪುಸ್ತಕಕ್ಕೆ ಬರುತ್ತದೆ ಎಂದು ಹೇಳಿ ಬಂದಳು. ಒಬ್ಬ ಮುದುಕಿ, "ಅಂತೂ ನಮ್ಮಿಂದ ಯಾರೋ ಒಬ್ರು ಮುಂದೆ ಬಂದ್ರಲ್ಲ," ಎಂದಳಂತೆ. ಆ ಮಾತಿಗೆ ಆಪಾ ವಾರವೆಲ್ಲ ನಕ್ಕಳು.

ಇವತ್ತು ನೈಲ್ಯಾ ಎಜೆ ಓದಿದ್ದರಲ್ಲಿ ಅವಳಿಗೆ ಚುಚ್ಚಿದ್ದು ಅಣೆಕಟ್ಟಿನ ಮಾತಲ್ಲ. ಬೇರೆಲ್ಲೂ ಇಲ್ಲ ಎಂಬುದು. ಆ ಚೀಲ ಎಲ್ಲಿಯದೋ. ಯಾವುದೋ ಕಣಿವೆಯಲ್ಲಿ, ಯಾವುದೋ ಕುರುಬನ ಗುಡಾರದ ಹಿಂದೆ, ಈ ಮಾರ್ಚಿನಲ್ಲೂ ಕೆಂಡದ ಹೊಟ್ಟೆಯ ಕಡಜ ಗೋಡೆ ಕೊರೆಯುತ್ತಿರಬಹುದು. ಸತ್ತಿದೆ ಎಂದು ಅಚ್ಚಾದ ಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ತಾನು ಒಂದು ಊರನ್ನು ಎತ್ತಿಡಲು ಹೋಗಿ ಇನ್ನೊಂದನ್ನು ಮುಳುಗಿಸಿದ್ದಳು. ಈ ಮುದುಕ ತನ್ನ ಉಳಿದ ಎರಡು ವರ್ಷವನ್ನು ಅವಳ ಕೈಬರಹದ ಮೇಲೆ ನಿಲ್ಲಿಸಿ ಬಂದಿದ್ದ.

"ಅಗಾಯ್," ಎಂದಳು. ಸೂಜಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ, "ಅಗಾಯ್. ಆ ಚೀಟಿ ಸುಳ್ಳು."

ನೈಲ್ಯಾ ಎಜೆಯ ಬೆರಳು ಕೀಲಿಗಳ ಮೇಲೆ ನಿಂತವು.

ಅವಳು ಹೇಳಿದಳು. ಚಹಾ, ಚೀಲ, ನೇರಳೆ ಬಣ್ಣ. ಮೇಜಿನ ಅಂಚನ್ನು ನೋಡುತ್ತ ಹೇಳಿದಳು. ಅಲ್ಲಿ ಅಂಟಿನ ಒಂದು ಹಳೆಯ ಹನಿ ಗಟ್ಟಿಯಾಗಿತ್ತು, ಅದನ್ನು ಉಗುರಿನಿಂದ ಕೀಳುತ್ತಿದ್ದಳು. ಅಗಾಯ್ ಕನ್ನಡಕ ಕಣ್ಣಿಗೆ ಇಳಿಸಿಕೊಂಡರು, ಅವಳನ್ನು ನೋಡಲಿಲ್ಲ, ಹೋಗಿ ಪೆಟ್ಟಿಗೆ ತಂದು ಹನ್ನೊಂದು ಸೂಜಿಗಳನ್ನು ನೋಡಿದರು.

"ಆ ಊರಿಂದ ನಾನು ಒಂದು ಚೀಲ ತಂದಿದ್ದೆ. ಅದು ಖಂಡಿತ," ಎಂದರು ಪೆಟ್ಟಿಗೆಯಿಂದ ಕಣ್ಣೆತ್ತದೆ. "ಬೀರೂನಲ್ಲಿ ಆ ಹೆಸರಿನ ಬೇರೆ ಚೀಲ ಇತ್ತಾ?"

"ಇರಲಿಲ್ಲ."

"ಹಾಗಿದ್ರೆ ಇದೇ ಅದು ಇರಬಹುದಲ್ಲ. ನೀನು ಬರೆದದ್ದು ಸರಿಯೇ ಇರಬಹುದು." ಅವರ ದನಿಯಲ್ಲಿ ಆಸೆ ಇತ್ತು. ಆ ಆಸೆಯನ್ನು ಕೇಳಲು ಅವಳಿಗೆ ಕಷ್ಟವಾಯಿತು. "ತಡಿ. ಗುರುತಿದೆ ಅದಕ್ಕೆ. ಅಲ್ಲಿ ಒಬ್ಬಳು ಹುಡುಗಿ ಗಂಟುಗಳನ್ನ ಚಾಕೂನಲ್ಲಿ ಸೀಳಿ ಎರಡೆರಡು ಮಾಡಿ ತಂದಿದ್ಲು, ಮಿಠಾಯಿ ಆಸೆಗೆ. ನಕ್ಕು ನಕ್ಕು ಸಾಕಾಯ್ತು ಅವತ್ತು. ಆ ಹೋಳುಗಳನ್ನೂ ಚೀಲಕ್ಕೇ ಹಾಕಿದ್ದೆ ನಾನು. ನೀನು ಬಿಡಿಸಿದ ಚೀಲದಲ್ಲಿ ಸೀಳಿದ ಗಂಟು ಇದ್ವಾ?"

ಒಲೆಯಿಂದ ಬಂದ ಬಿಸಿನೀರಿನ ಕೊಳವೆ ಗುಳುಗುಳು ಅಂದಿತು. ಇದ್ವು ಎಂದರೆ ಮುಗಿಯಿತು. ಗಂಟುಗಳ ಸಿಪ್ಪೆಯನ್ನು ಅವಳು ಅವತ್ತೇ ಒಲೆಗೆ ಹಾಕಿದ್ದಳು. ನೋಡಿದವರು ಯಾರೂ ಇಲ್ಲ. ಇದ್ವು ಎಂದರೆ ಚುಕ್ಕೆ ಉಳಿಯುತ್ತದೆ, ವಾಕ್ಯ ಉಳಿಯುತ್ತದೆ, ಅಗಾಯ್ ಮೇಲಿನ ಮಹಡಿಯಲ್ಲಿ ಕೂಗಾಡಿದ್ದು ಉಳಿಯುತ್ತದೆ, ಆಪಾ ಏಳು ಮನೆಗೆ ಹೋಗಿ ಬಂದದ್ದು ಉಳಿಯುತ್ತದೆ. ಆವತ್ತು ಚಹಾ ಚೆಲ್ಲಿದ ಮೇಲೆ, ಚೀಟಿ ಬರೆಯುವುದಕ್ಕೆ ಮೊದಲು, ಅವಳು ಆ ಚೀಲವನ್ನು ಪೂರ್ತಿ ಸುರಿದು ಒಂದೊಂದೇ ಗಂಟನ್ನು ತಿರುಗಿಸಿ ನೋಡಿದ್ದಳು. ಮೂರು ಸಲ. ಎಲ್ಲವೂ ಇಡಿಯಾಗಿದ್ದವು. ಕೈ ತಾನಾಗಿ ಬರೆದದ್ದಲ್ಲ.

"ಇರಲಿಲ್ಲ ಅಗಾಯ್," ಎಂದಳು. "ನಾನು ಹುಡುಕಿದೆ."

ಅಗಾಯ್ ಆಗ ಅವಳನ್ನು ನೋಡಿದರು. ಆರು ವರ್ಷದಲ್ಲಿ ಮೊದಲ ಬಾರಿಗೆ ಎನ್ನುವಂತೆ, ಭೂತಗನ್ನಡಿ ಇಟ್ಟು ನೋಡುವವರ ಹಾಗೆ, ಹಣೆ, ಹುಬ್ಬು, ಗಲ್ಲ. ಹುಡುಕುವುದಕ್ಕೆ ಅವಳಿಗೇನು ಗೊತ್ತಿತ್ತು ಎಂದು ಅವರು ಕೇಳಲಿಲ್ಲ.

"ನಿಮ್ಮನೇಲಿ ನಾಯಿ ಇತ್ತು," ಎಂದರು. "ಒಂದು ಕಿವಿ ಬಿಳಿ."

"ಹೌದು."

"ಮುಖಗಳು ನೆನಪಿಲ್ಲ. ನಾಯಿ ನೆನಪಿದೆ. ಮಜ್ಜಿಗೆ ಕೊಟ್ಟೋರು?"

"ನಮ್ಮಪ್ಪ. ಅಲ್ಲೇ ಇದ್ದಾರೆ."

ಅವರು ಅರ್ಥಮಾಡಿಕೊಂಡು ತಲೆಯಾಡಿಸಿದರು. ಆಮೇಲೆ ಗಡಿಯಾರ ನೋಡಿ, ತಮ್ಮ ಎಂದಿನ ಒರಟು ದನಿಗೆ ಬಂದರು. ನಕ್ಷೆಯ ಹಾಳೆಯನ್ನು ಅವಳ ಮುಂದೆ ಸರಿಸಿ, ಡ್ರಾಯರಿನಿಂದ ಹೊಸ ಬ್ಲೇಡು ತೆಗೆದು ಅದರ ಪಕ್ಕ ಇಟ್ಟರು. "ನೀನೇ ಕೆರೆದು ತೆಗಿ. ಬೇರೆಯವರಾದ್ರೆ ಹಾಳೆ ಹರೀತಾರೆ. ಇಪ್ಪತ್ತೆರಡು ಪ್ರಭೇದ ಹೋಗ್ಲಿ. ಇದು ಇಲ್ಲೇ ಇರ್ಲಿ. ಬೇಸಗೇಲಿ ಆವತ್ತಿನ ದಾರೀಲಿ ಇನ್ನೊಂದ್ಸಲ ಹೋಗಿ ಹುಡುಕ್ತೀನಿ. ಉಳಿದ ಊರುಗಳೆಲ್ಲ ಇನ್ನೂ ನೀರಿಂದ ಮೇಲಿದಾವೆ. ಕಾಲಿದ್ದಷ್ಟು ದಿನ." ಬಾಗಿಲ ಹತ್ತಿರ ನಿಂತು, ಬೆನ್ನು ಹಾಕಿಕೊಂಡೇ ಹೇಳಿದರು: "ನಾಳೆಯಿಂದ ಚೀಟಿ ನೈಲ್ಯಾ ಬರೀತಾಳೆ. ನೀನು ಅಂಟಿಸೋ ಕೆಲಸ ಮಾಡು. ಇವತ್ತು ಈ ಹನ್ನೊಂದು ಮಾತ್ರ ಬರಿ."

"ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತಲ್ಲ, ಅಗಾಯ್," ಎಂದಳು ನೈಲ್ಯಾ ಎಜೆ.

"ಇರ್ಲಿ. ಕೋಳಿ ಎಲ್ಲಿ ಕೆದರಿತೋ ಅಲ್ಲೇ ಕೆದರಿರುತ್ತೆ."

ಅವಳು ಚುಕ್ಕೆಯನ್ನು ಕೆರೆದಳು. ಬ್ಲೇಡಿನ ಮೂಲೆಯಿಂದ, ಉಸಿರು ಬಿಗಿಹಿಡಿದು, ಸುತ್ತಲಿನ ನೀರಿನ ಗೆರೆಗಳಿಗೆ ತಾಗದಂತೆ. ಕಪ್ಪು ಪುಡಿಯಾಗಿ ಎದ್ದಿತು, ಊದಿದಳು. ಅಲ್ಲಿ ಹಾಳೆ ಸ್ವಲ್ಪ ಒರಟಾಗಿ ಉಳಿಯಿತು. ಬೆಳಕಿಗೆ ಹಿಡಿದರೆ ಕಾಣುವಷ್ಟು. ಬೆರಳಿಗೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಆಮೇಲೆ ಹನ್ನೊಂದು ಚೀಟಿ ಕತ್ತರಿಸಿದಳು. ಸ್ಥಳ ತಿಳಿಯದು. ಮೇಲಿನ ಚೀಟಿ ತಪ್ಪು. ತಪ್ಪು ಬರೆದವಳು, ಎಂದು ಬರೆದು ತನ್ನ ಹೆಸರು ಹಾಕಿದಳು. ಯಾವ ಚೀಟಿಯಲ್ಲೂ ಅವಳ ಹೆಸರು ಅಲ್ಲಿಯವರೆಗೆ ಬಂದಿರಲಿಲ್ಲ. ಹನ್ನೊಂದನ್ನೂ ಹನ್ನೊಂದು ಸೂಜಿಗೆ ಕೆಳಗಿನಿಂದ ಏರಿಸಿದಳು. ಕಡಜ, ಅದರ ಕೆಳಗೆ ಚೋಲೊಕ್-ತೆರೆಕ್, ಅದರ ಕೆಳಗೆ ಅವಳು. ಕೀಳುವ ಹಾಗಿಲ್ಲ. ಈ ಕಟ್ಟಡ ಇರುವವರೆಗೆ, ಪೆಟ್ಟಿಗೆ ತೆಗೆದು ಯಾರು ನೋಡಿದರೂ ಆ ಊರಿನ ಹೆಸರು ಇಲ್ಲಿ ಇರುತ್ತದೆ, ತಪ್ಪೆಂದು. ಅವಳು ಮುಚ್ಚಳ ಮುಚ್ಚಿದಳು.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಗುರುವಾರವಾದ್ದರಿಂದ ಆಪಾ ಬಾಣಲೆ ಇಟ್ಟಿದ್ದಳು. ಸತ್ತವರಿಗೆ ಮುಟ್ಟುವುದು ಕಾದ ಎಣ್ಣೆಯ ವಾಸನೆಯೊಂದೇ ಎಂದು ಗುರುವಾರದ ಸಂಜೆ ಬೋರ್ಸೋಕ್ ಎಂಬ ಹಿಟ್ಟಿನ ತುಂಡು ಕರಿಯಬೇಕು. ಮೊದಲ ಏಳು ತುಂಡು ಬಿಡುವಾಗ ಆಪಾ ಏಳು ಹೆಸರು ಹೇಳುತ್ತಾಳೆ, ಏಳೂ ನೀರಿನಡಿಯವೇ. ಮೇಲಿನ ಮನೆಯವಳು ಎಣ್ಣೆ ವಾಸನೆಗೆ ತಲೆನೋವೆಂದು ಎರಡು ಸಲ ಬಾಗಿಲು ಬಡಿದು ಹೋದ ಮೇಲೆ, ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಕರಿಯುತ್ತಾರೆ. ಕೋಣೆಯೆಲ್ಲ ನೀಲಿ ಹೊಗೆ.

"ಹೋಯ್ತೇನೇ ಕಿಝಿಮ್, ಮಗಳೇ, ನಮ್ಮೂರ ನೊಣ?" ಎಂದಳು ಆಪಾ, ತಿರುಗದೆ. "ಲೆನಿನ್‌ಗ್ರಾದಿಗೆ?"

"ಇಲ್ಲ ಆಪಾ. ಅದು ನಮ್ಮೂರದ್ದಲ್ಲ. ನಾನೇ ತಪ್ಪು ಬರೆದಿದ್ದೆ."

ಆಪಾ ಸೌಟನ್ನು ಬಾಣಲೆಯ ಅಂಚಿಗಿಟ್ಟಳು. ಬೋರ್ಸೋಕ್ ಒಂದು ಎಣ್ಣೆಯಲ್ಲಿ ತಾನಾಗಿ ಮಗುಚಿಕೊಂಡಿತು.

"ಏಳು ಮನೆಗೆ ಹೇಳಿ ಬಂದಿದ್ದೀನಲ್ಲೇ."

"ನಾನು ಹೋಗಿ ಹೇಳ್ತೀನಿ."

"ನೀನಾ? ನೀನು ಅಂಗಡೀಲಿ ಉಪ್ಪು ಕೇಳೋಕೂ ನಾಚ್ಕೋತೀಯ."

ಝಿಪಾರ್ ಕಿಟಕಿಯ ಹತ್ತಿರ ಹೋಗಿ ಸಂದಿಯಿಂದ ಬಟ್ಟೆಯನ್ನು ಎಳೆದು ತೆಗೆದಳು. ಚಿಲಕ ತುಕ್ಕು ಹಿಡಿದಿತ್ತು. ಎರಡು ಕೈ ಹಾಕಿ ಎತ್ತಿ ಕಿಟಕಿಯನ್ನು ಪೂರ್ತಿ ತೆರೆದಳು. ಹೊಗೆ ಒಂದು ಕ್ಷಣ ಕೋಣೆಯೊಳಗೇ ಅನುಮಾನಿಸಿ, ಆಮೇಲೆ ದಾರಿ ಸಿಕ್ಕಂತೆ ಹೊರಗೆ ನಡೆಯಿತು. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು.

"ಬರ್ತಾಳೆ ನೋಡು ಈಗ," ಎಂದಳು ಆಪಾ.

"ಬರ್ಲಿ. ಅವಳಿಗೂ ಒಂದು ತಟ್ಟೆ ತೆಗೆದಿಡು. ಎಷ್ಟು ಹೆಸರಾಯ್ತು?"

"ಆರು."

"ಅಪ್ಪಂದು?"

"ಅವನದು ಕೊನೇದು," ಎಂದು ಆಪಾ ಹಿಟ್ಟಿನ ತುಂಡನ್ನು ಅವಳ ಕೈಗೆ ಕೊಟ್ಟಳು. "ನೀನೇ ಬಿಡು."